ಬಿರುಕು ಬಿಟ್ಟ ಮೊಟ್ಟೆ, ಸರತಿ ಮುರಿಯುವ ಬೀಜ: ‘ಫುಡ್ ಗ್ರೂಪ್’ ಪುಸ್ತಕಗಳ ಜೊತೆ ಕೆಲವು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಮಗು ತರಕಾರಿ ತಿನ್ನಲಿ ಅನ್ನುವ ಆಸೆಗೆ ‘ಫುಡ್ ಗ್ರೂಪ್’ ಸರಣಿಯ ಈ ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಕೊಳ್ಳಬೇಡಿ. ನನ್ನ ಮಗಳು ಈಗಲೂ ಪಲ್ಯದ ಬೀನ್ಸನ್ನೆಲ್ಲ ತಟ್ಟೆಯ ಅಂಚಿಗೆ ಸರಿಸುತ್ತಾಳೆ. ಈಗ ಹೊಸ ನೆಪ ಬೇರೆ ಸಿಕ್ಕಿದೆ: “ಅಪ್ಪಾ, ಇದಕ್ಕೂ ಅಮ್ಮ ಇರ್ತಾಳೆ ಅಲ್ವಾ?” ಇಲ್ಲಿನ ಬೀಜ, ಮೊಟ್ಟೆ, ಆಲೂಗಡ್ಡೆ ಯಾವುದೂ ತಟ್ಟೆಗೆ ಬರುವವಲ್ಲ. ಕೋಪ, ಸೋಮಾರಿತನ, ಅಸೂಯೆ ಎಲ್ಲ ಇರುವ ಪುಟ್ಟ ಮನುಷ್ಯರು, ಅಷ್ಟೇ.

ಬರೆದವರು ಜೋರಿ ಜಾನ್, ಚಿತ್ರ ಪೀಟ್ ಓಸ್ವಾಲ್ಡ್ ಅವರದು. 2017ರಲ್ಲಿ ‘ದಿ ಬ್ಯಾಡ್ ಸೀಡ್’ ಬಂತು. 2019ರಲ್ಲಿ ‘ದಿ ಗುಡ್ ಎಗ್’ ಮತ್ತು ‘ದಿ ಕೂಲ್ ಬೀನ್’, 2020ರಲ್ಲಿ ‘ದಿ ಕೌಚ್ ಪೊಟೇಟೊ’. ಆಮೇಲೆ ವರ್ಷಕ್ಕೊಂದರಂತೆ ಕುಕಿ, ದ್ರಾಕ್ಷಿ, ಚೀಸ್. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಅನ್ನುತ್ತಾರೆ. ಸರಿಯಾಗಿಯೇ ಇದೆ.

ಬೀಜದ ಕತೆ ಇವತ್ತಿಗೂ ಹಳೆಯದಾಗಿಲ್ಲ. ಒಂದು ಸೂರ್ಯಕಾಂತಿ ಬೀಜ ತನ್ನ ಕೆಟ್ಟ ಬುದ್ಧಿಯ ಪಟ್ಟಿಯನ್ನು ತಾನೇ ಹೆಮ್ಮೆಯಿಂದ ಒಪ್ಪಿಸುತ್ತದೆ. ಸರತಿಯಲ್ಲಿ ನಡುವೆ ನುಗ್ಗುತ್ತದೆ. ಕೈಕಾಲು ತೊಳೆಯುವುದಿಲ್ಲ. ಎಲ್ಲದಕ್ಕೂ ತಡ. ಉದ್ದುದ್ದ ಜೋಕು ಹೇಳುತ್ತದೆ, ಕೊನೆಯಲ್ಲಿ ನಗುವೇ ಬರುವುದಿಲ್ಲ. (ನಮ್ಮ ಆಫೀಸಿನಲ್ಲೂ ಇಂಥವರಿದ್ದಾರೆ.) ಈ ಪುಟಗಳನ್ನು ಮೂಗಿನಲ್ಲಿ, ಗೊಗ್ಗರು ದನಿಯಲ್ಲಿ ಓದಬೇಕು. ಆಗಲೇ ಮಜಾ.

ಆಮೇಲೆ ಅದು ಕೆಟ್ಟದ್ದಾದ ಕತೆ ಬರುತ್ತದೆ. ಹೂವು ಬಾಡಿ, ಮನೆಮಂದಿ ಚೆದುರಿ, ಬೀಜ ಒಂದು ಪ್ಯಾಕೆಟ್ ಸೇರುತ್ತದೆ. ಬೇಸ್‌ಬಾಲ್ ಮೈದಾನದಲ್ಲಿ ಯಾರದೋ ಬಾಯಿಗೆ ಹೋಗಿ, ಹೊರಗೆ ಉಗುಳಿಸಿಕೊಳ್ಳುತ್ತದೆ. ಇಲ್ಲಿ ಮಗಳು ಪ್ರತಿ ಸಲ ತಡೆಯುತ್ತಿದ್ದಳು. ಬಾಯಿಗೆ ಹಾಕಿಕೊಂಡದ್ದನ್ನು ಉಗುಳಿದ್ದು ಯಾಕೆ? ಅಮೆರಿಕದಲ್ಲಿ ಬೇಸ್‌ಬಾಲ್ ನೋಡುತ್ತಾ ಸೂರ್ಯಕಾಂತಿ ಬೀಜವನ್ನು ಹಲ್ಲಲ್ಲಿ ಒಡೆದು ಸಿಪ್ಪೆ ಉಗುಳುತ್ತಾರೆ, ಆಟಗಾರರೂ ಉಗುಳುತ್ತಾರೆ ಅಂತ ಬಿಡಿಸಿ ಹೇಳಬೇಕಾಯಿತು. ಕೇಳಿ ಅವಳಿಗೆ ಕತೆಗಿಂತ ಅದೇ ಜಾಸ್ತಿ ಖುಷಿಯಾಯಿತು. ಆಮೇಲೆ ಒಂದಷ್ಟು ದಿನ ದ್ರಾಕ್ಷಿ ಬೀಜಗಳೆಲ್ಲ ಬಾಲ್ಕನಿಯಿಂದ ಹಾರಿದವು.

ನನಗೆ ಇಷ್ಟವಾಗಿದ್ದು ಇದರ ಕೊನೆ. ಬೀಜ ಒಳ್ಳೆಯದಾಗಬೇಕು ಅಂತ ತೀರ್ಮಾನಿಸುತ್ತದೆ, ಆದರೆ ಪೂರ್ತಿ ಆಗುವುದಿಲ್ಲ. ಈಗಲೂ ತಡವಾಗಿ ಬರುತ್ತದೆ. ನಡುನಡುವೆ ಥ್ಯಾಂಕ್ಸ್ ಹೇಳುತ್ತದೆ, ಯಾರಿಗಾದರೂ ಬಾಗಿಲು ತೆರೆದು ಹಿಡಿಯುತ್ತದೆ. ನಮ್ಮ ಮಕ್ಕಳೂ ಅಷ್ಟೇ ತಾನೇ ಸುಧಾರಿಸುವುದು?

ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಆದರೂ ಜಾಸ್ತಿ ಹರಿದಿರುವುದು ಮೊಟ್ಟೆಯ ಪುಸ್ತಕವೇ! ಒಂದು ಡಬ್ಬಿಯಲ್ಲಿ ಹನ್ನೆರಡು ಮೊಟ್ಟೆ. ಹನ್ನೊಂದು ಪೋಕರಿಗಳು, ಒಂದು ಮಾತ್ರ ಸದಾ ಒಳ್ಳೆಯದು. ಹೆಸರುಗಳ ಸಾಲಿನ ಕೊನೆಗೆ ‘ಫ್ರಾಂಕ್, ಇನ್ನೊಬ್ಬ ಫ್ರಾಂಕ್’ ಅಂತ ಬರುತ್ತದೆ. ಮಗಳ ತರಗತಿಯಲ್ಲಿ ಇಬ್ಬರು ಆರಾಧ್ಯ ಇರುವುದರಿಂದ ಈ ಜೋಕು ವಿವರಣೆ ಇಲ್ಲದೆ ಇಳಿಯಿತು. ಎಲ್ಲರ ಚೀಲ ಹೊತ್ತು, ಗಿಡಕ್ಕೆ ನೀರು ಹಾಕಿ, ಮನೆಯವರನ್ನೂ ತಿದ್ದಲು ಹೋಗಿ ಒಳ್ಳೆಯ ಮೊಟ್ಟೆಯ ಚಿಪ್ಪು ಬಿರುಕು ಬಿಡುತ್ತದೆ. ಕೊನೆಗೆ ಅದು ಮನೆ ಬಿಟ್ಟು ಹೊರಟು, ನದಿಯಲ್ಲಿ ತೇಲಿಕೊಂಡು, ಪುಸ್ತಕ ಓದಿಕೊಂಡು ಇರುತ್ತದೆ. ಒಂದು ರಾತ್ರಿ ನನ್ನ ಹೆಂಡತಿ ಇದನ್ನು ಗಟ್ಟಿಯಾಗಿ ಓದಿ ಮುಗಿಸಿ, ಪುಸ್ತಕ ಮಡಚಿ, “ಇವತ್ತು ಪಾತ್ರೆ ನೀವೇ ತೊಳೀರಿ” ಅಂದಳು. ಮಕ್ಕಳ ಪುಸ್ತಕದಿಂದ ಇಂಥ ಅಪಾಯವೂ ಇದೆ.

ಕೂಲ್ ಬೀನ್‌ನ ನಾಯಕ ಕಾಬೂಲ್ ಕಡಲೆ. ಹಳೆಯ ಗೆಳೆಯರು ಕಪ್ಪು ಕನ್ನಡಕ ಹಾಕಿಕೊಂಡು ಸ್ಟೈಲಾಗಿದ್ದಾರೆ, ಇವನು ಮಾತ್ರ ಹಿಂದೆ ಉಳಿದಿದ್ದಾನೆ. ಊಟದ ಟ್ರೇ ಬೀಳಿಸಿಕೊಂಡಾಗ ಅವರೇ ಬಂದು ಸಹಾಯ ಮಾಡುತ್ತಾರೆ. ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ಓದಿ ಹೇಳಲು ಇದಕ್ಕಿಂತ ಒಳ್ಳೆಯದು ಈ ಸಾಲಿನಲ್ಲಿ ಇಲ್ಲ.

ಇನ್ನು ಬೇಸರದ ಮಾತು. ಕುಕಿಯಿಂದ ಮುಂದೆ ಕತೆಯ ಅಚ್ಚು ಎದ್ದು ಕಾಣುತ್ತದೆ. ನಾನು ಇಂಥವನು, ಹೀಗಾದೆ, ಈಗ ಬುದ್ಧಿ ಬಂತು. ದ್ರಾಕ್ಷಿ ಇನ್ನೂ ಸಿಡುಕುತ್ತಿರುವಾಗಲೇ ಮಗಳು “ಇನ್ನೇನು ಒಳ್ಳೇದಾಗುತ್ತೆ ಬಿಡಪ್ಪ” ಅಂದುಬಿಟ್ಟಳು. ಕೊನೆಯ ಪುಟಗಳಲ್ಲಿ ನಗು ಹೋಗಿ ಪಾಠ ಶುರುವಾಗುತ್ತದೆ. ಆಲೂಗಡ್ಡೆಯದ್ದು ನಡುವಿನದ್ದು. ಕರೆಂಟ್ ಹೋದ ಮೇಲೆ ಟಿವಿ ಬಿಟ್ಟು ಹೊರಗೆ ಬರುವ ಕತೆ. ನಮ್ಮ ಕಡೆ ಮಕ್ಕಳಿಗೆ ಕರೆಂಟ್ ಹೋಗುವುದು ಅಂಥ ದೊಡ್ಡ ಘಟನೆಯೇ ಅಲ್ಲ.

ಸಪ್ಪೆಯಾದ ಪುಸ್ತಕಗಳನ್ನೂ ಓಸ್ವಾಲ್ಡ್ ಅವರ ಚಿತ್ರಗಳು ಎತ್ತಿ ನಿಲ್ಲಿಸುತ್ತವೆ. ಹಿನ್ನೆಲೆಯಲ್ಲಿ ಯಾವುದೋ ಒಂದು ಕಾಳು ಮುಖ ಸಿಂಡರಿಸಿಕೊಂಡು ನಿಂತಿರುತ್ತದೆ. ಇಂಥದ್ದು ಓದುವ ನನ್ನ ಕಣ್ಣಿಗೆ ಬೀಳುವುದಿಲ್ಲ, ಪಕ್ಕದಲ್ಲಿ ಕೂತು ನೋಡುವವಳಿಗೆ ಮೊದಲು ಕಾಣುತ್ತದೆ.

ಬೀಜದ್ದೇ ಒಂದು ಹ್ಯಾಲೋವೀನ್ ಪುಸ್ತಕವೂ ಇದೆ, 2021ರದ್ದು, ಜೊತೆಗೆ ಸ್ಟಿಕರ್ ಕೊಡುತ್ತಾರೆ. ಕತೆ ಮರೆತುಹೋಗಿದೆ, ಸ್ಟಿಕರ್ ಮಾತ್ರ ಫ್ರಿಜ್‌ನಿಂದ ಇನ್ನೂ ಕಿತ್ತು ಬಂದಿಲ್ಲ.

ಗಟ್ಟಿ ರಟ್ಟಿನ ಪ್ರತಿಗಳು ನಮ್ಮಲ್ಲಿ ದುಬಾರಿ. ಬೀಜ, ಮೊಟ್ಟೆ, ಕಡಲೆ ಈ ಮೂರನ್ನು ಕೊಳ್ಳಿ. ಆಲೂಗಡ್ಡೆ ಮತ್ತು ಅದರ ನಂತರದವು ಲೈಬ್ರರಿಯಲ್ಲಿ ಸಿಕ್ಕರೆ ತಂದು ಓದಿ, ಇಲ್ಲದಿದ್ದರೂ ನಷ್ಟವಿಲ್ಲ. ಸೆಟ್ಟಿಗೆ ರಿಯಾಯಿತಿ ಇದೆ ಅಂತ ಮಾತ್ರ ಎಲ್ಲವನ್ನೂ ಒಟ್ಟಿಗೆ ತರಿಸಬೇಡಿ.