ಕಟಗಿ ತಿರುವೋ ಮಿನಿ ಲೇತ್, ಮೂರು ವರ್ಷ ಬಳಸಿದ ಮ್ಯಾಲೆ (ಬಾಟಲಿ ಓಪನರ್ ಹಿಡಿಕಿ ಮಾಡೋರು ಓದ್ರಿ)

ಟೇಬಲ್ ಮ್ಯಾಲೆ ಇಡೋ ಸಣ್ಣ ಲೇತ್ ಇದು, 370 ವಾಟ್ ಮೋಟರ್, 10 ಇಂಚು ಸ್ವಿಂಗ್ (ಅಂದ್ರ ಅಷ್ಟು ಅಗಲದ ತುಂಡುತನಕ ತಿರುವಬಹುದು), ಸ್ಪೀಡ್ ಹೆಚ್ಚುಕಮ್ಮಿ ಮಾಡಾಕ ನಾಬ್ ಐತಿ. ಧಾರವಾಡದಾಗ ನಮ್ಮ ಮನಿ ಹಿತ್ತಲದ ಶೆಡ್ಡಿನಾಗ ಇಟ್ಟೀನಿ. ತಗೊಂಡ ವಾರದಾಗ ಫೈವ್ ಸ್ಟಾರ್ ಕೊಟ್ಟ ರಿವ್ಯೂ ಭಾಳ ಓದಿದ್ದೆ, ಅವು ನನಗ ಒಂದೂ ಉಪಯೋಗಕ್ಕ ಬರಲಿಲ್ಲ, ಅದಕ್ಕ ಬೇಕಂತನ ಮೂರು ವರ್ಷ ಕಾಯ್ದು ಈಗ ಬರೆಯಾಕತ್ತೀನಿ. ಈತನಕ 140 ಓಪನರ್ ಹಿಡಿಕಿ ಇದರ ಮ್ಯಾಲೆ ತಿರುವೀನಿ, ಮದಿವಿ, ಮನಿ ಶಾಂತಿ ಅಂತ ಕೊಟ್ಟೀನಿ, ಸಲ್ಪ ಮಾರೀನಿ ಸೈತ.

ಮೋಟರ್‌ದು ಏನೂ ತಕರಾರಿಲ್ರಿ. ಚೌಕ ತುಂಡು ದುಂಡಗ ಮಾಡೋತನಕ ನಿಮಿಷಕ್ಕ 800-1000 ಸುತ್ತು, ಆಮ್ಯಾಲೆ ನಯಸು ಮಾಡಾಕ 2000 ದಾಟಸ್ತೀನಿ, ನಡುಗೂದಿಲ್ಲ. ಆದ್ರ ನಾಬ್ ಹಿಂದಿನ ಬೋರ್ಡ್ ವೋಲ್ಟೇಜ್ ಏರಿಳಿತ ತಡಕೊಳ್ಳೂದಿಲ್ಲ, ಎರಡನೇ ಬ್ಯಾಸಗ್ಯಾಗ ಸುಟ್ಟುಹೋತು, ಹೊಸಾದು ಬರಾಕ ಐದು ವಾರ ಹಿಡೀತು, ದಿನಾ ಫೋನ್ ಮಾಡಿ ಮಾಡಿ ಸಾಕಾತು. ಮೊದಲನೇ ದಿನಾನ ಸ್ಟೆಬಿಲೈಸರ್ ಹಾಕ್ರಿ.

ಜೋಡಿ ಕೊಟ್ಟ ಉಳಿ ಮಾತ್ರ ಖರೇನ ಬ್ಯಾಡ. ಸಾಣಿ ಹಿಡಿಯುವಾಗ ತುದಿ ನೀಲಿ ತಿರುಗತೈತಿ, ನೀಲಿ ಆತು ಅಂದ್ರ ಹದ ಹೋತು, ಎರಡು ಹಿಡಿಕಿ ತಿರುವೂದ್ರಾಗ ಮೊಂಡ ಆಗತೈತಿ. ಹುಬ್ಬಳ್ಳ್ಯಾಗಿಂದ ಹೈಸ್ಪೀಡ್ ಸ್ಟೀಲಿನ ಉಳಿ ಮೂರ ತಂದೆ, ಅವತ್ತಿಂದ ಈ ಮಷೀನ್ ಬ್ಯಾರೇ ಮಷೀನ್ ಆತು.

ಈಗ ಮುಖ್ಯ ಮಾತು. ಮೊದಲ ವರ್ಷ ಮಾಡಿದ ಓಪನರ್‌ನಾಗ ಹದಿನೇಳು ಹೊಳ್ಳಿ ಬಂದವು. ಕೆಲವು ಸೀಳಿದ್ವು, ಕೆಲವು ಸ್ಟೀಲ್ ತಲಿ ಸಡಲ ಆಗಿ ಗರಗರ ತಿರಗತಿದ್ವು. ಕೊಟ್ಟವರ ಮುಂದ ಭಾಳ ಕೆಟ್ಟ ಅನಿಸ್ತು, ಮಷೀನ್ ತೂತು ಸರಿ ಕೊರೀವಲ್ದು ಅಂತ ಅದನ್ನ ಬೈದೆ, ಆದ್ರ ತಪ್ಪು ನಂದ ಇತ್ತು. ಸೀಳಿದ್ದೆಲ್ಲಾ ಮಳಿಗಾಲದಾಗ ತಿರುವಿದ ಹಸಿ ಕಟಗಿ. ಒಣಗಿದಂಗ ಕಟಗಿ ಅಡ್ಡಕ್ಕ ಕುಗ್ಗತೈತಿ, ಸ್ಟೀಲ್ ತಲಿ ಕೂಡಸಾಕ ತೂತಿನೊಳಗ ಅಂಟಿಸಿದ ಹಿತ್ತಾಳಿ ನಟ್ ಕುಗ್ಗೂದಿಲ್ಲ, ಮತ್ತ ಬಾಯಿ ಕಡೆ ಸೀಳದ ಏನ್ ಮಾಡೀತು. ಕಲಘಟಗಿ ತೊಟ್ಟಿಲ ಕೆಲಸ ಗೊತ್ತಿದ್ದ ಒಬ್ಬ ಹಿರೇ ಬಡಿಗ್ಯಾರ ಕಾಕಾಗ ತೋರಿಸಿದೆ, ಅವರು ಹಿಡಿಕಿ ಗಲ್ಲಕ್ಕ ಹಚ್ಚಿ ನೋಡಿ "ತಣ್ಣಗ ಐತಲ್ಲೋ ತಮ್ಮಾ, ಇನ್ನೂ ನೀರೈತಿ, ಒಂದು ಬ್ಯಾಸಗಿ ದಾಟಸು" ಅಂದ್ರು. ಈಗ ತುಂಡು ಕೊಯ್ದು, ಎರಡೂ ತುದಿಗೆ ಮೇಣ ಬಳದು, ಅಟ್ಟದ ಮ್ಯಾಲೆ ಇಟ್ಟು ವರ್ಷ ಬಿಡ್ತೀನಿ. ಹಳೇ ಮನಿ ಕೆಡವಿದ ಸಾಗವಾನಿ ತೊಲಿ ಸಿಕ್ರಂತೂ ಬಂಗಾರ, ಅಷ್ಟ ಮೊಳಿ ಹುಡಕಿ ಕೀಳ್ರಿ, ಇಲ್ಲಂದ್ರ ಉಳಿ ಹೋತು.

ಸಡಲ ಆಗಿದ್ದು ಸಾಗವಾನಿದ. ಅದರಾಗ ಎಣ್ಣಿ ಅಂಶ ಐತಿ, ಅಂಟು ಹಿಡಿಯೂದಿಲ್ಲ. ಸೋಡಾ ಬಾಟಲಿ ತಗಡಿನ ಕ್ರೌನ್ ಮುಚ್ಚಳಕ್ಕ 21 ಹಲ್ಲು ಇರತಾವ, ಓಪನರ್ ತುದಿ ಅದರಾಗ ಒಂದೆರಡು ಹಲ್ಲಿಗೆ ಸಿಕ್ಕಿಸಿ ಎತ್ತತೀವಿ, ಆ ಮೀಟೋ ಬಲಾ ಎಲ್ಲಾ ಸ್ಟೀಲು ಕಟಗಿ ಕೂಡೋ ಜಾಗದ ಮ್ಯಾಲೆ ಬೀಳತೈತಿ, ದಿನಾ ಹತ್ತು ಬಾಟಲಿ ತೆಗಿಯೋ ಅಂಗಡ್ಯಾಗ ಎಷ್ಟು ದಿನಾ ತಡದೀತು. ಈಗ ತೂತಿನೊಳಗ ಅಸಿಟೋನ್ ಅರಬಿಲೆ ಒರಸಿ, ನಟ್ ಹೊರಮೈ ಪಾಲಿಶ್ ಪೇಪರ್‌ಲೆ ಗರಸು ಮಾಡಿ, ಅರಾಲ್ಡೈಟ್ ಅಂಟು ಹಾಕಿ ಒಂದು ದಿನ ಪೂರ್ತಿ ಮುಟ್ಟೂದಿಲ್ಲ, ಹಿಡಿಕಿ ಬಾಯಿಗೆ ಹಿತ್ತಾಳಿ ಬಳಿ (ರಿಂಗ್) ಕೂಡಸ್ತೀನಿ. ಹಿಂಗ ಮಾಡಿದ್ರಾಗ ಎರಡು ವರ್ಷದಾಗ ಒಂದೂ ಹೊಳ್ಳಿ ಬಂದಿಲ್ಲ.

ಪಾಲಿಶ್ ಬಗ್ಗೆ ಒಂದು ಮಾತು: ಅರಗಿನ ಪಾಲಿಶ್ ಲೇತ್ ಮ್ಯಾಲೆ ಕನ್ನಡಿಯಂಗ ಹೊಳೀತೈತಿ, ಆದ್ರ ಓಪನರ್ ಹಿಡಿಯೋದ ಒದ್ದಿ ಕೈಲೆ, ಬಿಳಿ ಕಲಿ ಬೀಳತಾವ. ನಾ ಅಗಸಿ ಎಣ್ಣಿ ಹಚ್ಚತೀನಿ, ಒಣಗಾಕ ಭಾಳ ದಿನಾ ತಗೋತೈತಿ, ಕಾಯಬೇಕು. ಎಣ್ಣಿ ಅರಬಿ ಮುದ್ದಿ ಮಾಡಿ ಮೂಲ್ಯಾಗ ಒಗಿಬ್ಯಾಡ್ರಿ, ತಾನ ಕಾದು ಬೆಂಕಿ ಹತ್ತತೈತಿ, ಬಿಚ್ಚಿ ಹರವಿ ಒಣಗಸ್ರಿ. ಬೀಟಿ ಕಟಗಿ ತಿರುವುವಾಗ ಮಾಸ್ಕ್ ಬೇಕ ಬೇಕು, ಆ ಧೂಳಿಗೆ ನನಗ ಮೈಯೆಲ್ಲಾ ತುರಿಕಿ ಎದ್ದಿತ್ತು.

ನನಗ ಭಾಳ ಸೇರಿದ್ದು ಅಂದ್ರ ಕರಿಜಾಲಿ. ಬಂಡಿ ಗಾಲಿಗೆ ಹಾಕತಿದ್ದ ಕಟಗಿ ಅದು, ಗಟ್ಟಿ, ಉಳಿ ಲಗೂ ಮೊಂಡ ಆಗತಾವ ಖರೆ, ಆದ್ರ ಕೈಯಾಗ ಹಿಡದ್ರ ತೂಕ ಹಿತಾ ಅನಸ್ತೈತಿ. ಅದರಲೆ ನಮ್ಮ ಓಣ್ಯಾಗ ಗೋಲಿ ಸೋಡಾ ಮಾರೋ ಅಣ್ಣಗ ಗೋಲಿ ಒತ್ತೋ ಗುಂಡಿ ಒಂದು ತಿರುವಿ ಕೊಟ್ಟೀನಿ, ಕ್ರೌನ್ ಮುಚ್ಚಳದ ಕೆಲಸ ಅಲ್ಲ ಅದು, ಮ್ಯಾಲಿಂದ ಒತ್ತೋದು, ಕೂಡಸೋದು ಏನೂ ಇಲ್ಲ, ಬರೇ ಕಟಗಿ. ದಿನಕ್ಕ ನೂರು ಸಲಾ ಒತ್ತತಾನ, ಎರಡು ಬ್ಯಾಸಗಿ ಆತು, ತುದಿ ಸಲ್ಪ ಕಪ್ಪಾಗೇತಿ ಅಷ್ಟ.

ಮಷೀನಿಗೆ ನಾಕು ಸ್ಟಾರ್, ಉಳಿ ಸೆಟ್ಟಿಗೆ ಒಂದು. ಬೆಲ್ಟ್ ಈಗ ಸವದೈತಿ, ದೀಪಾವಳಿ ಮುಂದ ಹೊಸಾದು ಹಾಕ್ತೀನಿ.