ಚೌಕಟ್ಟು ಮೊದಲೋ, ಅಂಚಿನ ಟಿಪ್ಪಣಿ ಮೊದಲೋ: ಪ್ರಬಂಧ ಕಲಿಸಿದ ಎರಡು ಕ್ರಮಗಳ ಹೋಲಿಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕಳೆದ ವರ್ಷ ಒಂಬತ್ತನೆಯ ತರಗತಿಯ ಎರಡು ಡಿವಿಜನ್‌ಗಳಿಗೆ ವಿವರಣಾತ್ಮಕ ಪ್ರಬಂಧವನ್ನು ಎರಡು ಬೇರೆ ಕ್ರಮಗಳಲ್ಲಿ ಕಲಿಸಿ ನೋಡಿದೆ. ವಿಷಯ ಎರಡೂ ಕಡೆ ನಮ್ಮ ಗುಡ್ಡಗಳ ಸುರಂಗವೇ ಆಗಿತ್ತು. ಓದಲು ಕೊಟ್ಟದ್ದೂ ನಾನೇ ಬರೆದ ಎರಡು ಪುಟಗಳ ಒಂದೇ ಲೇಖನ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಆಳು ನುಸುಳುವಷ್ಟೇ ಅಗಲಕ್ಕೆ ಕೊರೆದ ಸುರಂಗದಲ್ಲಿ ಜಿನುಗುವ ನೀರು ಪಂಪಿನ ಹಂಗಿಲ್ಲದೆ ಹೊರಗೆ ಹರಿಯುವ ಬಗೆ, ಅದನ್ನು ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ಹಾಯಿಸುತ್ತಿದ್ದ ರೀತಿ, ಬಾಯಾರು, ಪಡ್ರೆ ಕಡೆ ಇವು ಇಂದಿಗೂ ಬಳಕೆಯಲ್ಲಿರುವುದು, ಇಷ್ಟು ಅದರಲ್ಲಿತ್ತು.

'ಎ' ಡಿವಿಜನ್‌ಗೆ ನಾವೆಲ್ಲ ಕಲಿತ ಹಳೆಯ ಕ್ರಮವನ್ನೇ ಹಿಡಿದೆ: ಲೇಖನವನ್ನು ಓದಿಸಿ, ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಪ್ಪುಹಲಗೆಯ ಮೇಲೆ ಚೌಕಟ್ಟು ಹಾಕಿಕೊಟ್ಟೆ. ಓಣಂ ಪರೀಕ್ಷೆಯ ಹೊತ್ತಿಗೆ, ಓದಿನಲ್ಲಿ ಹಿಂದಿರುವವರೂ ಸೇರಿದಂತೆ, ಎಲ್ಲರೂ ಒಂದೂವರೆ ಪುಟ ಬರೆಯಬಲ್ಲವರಾದರು. ಆದರೆ ಬಹುತೇಕ ಎಲ್ಲ ಪೀಠಿಕೆಗಳೂ ನೀರಿಲ್ಲದೆ ಬದುಕಿಲ್ಲ ಎಂದೇ ಆರಂಭವಾಗುತ್ತಿದ್ದವು. ಸುರಂಗ ಎಂಬ ಪದವನ್ನು ತೆಗೆದು ಕೊಳವೆಬಾವಿ ಎಂದು ಹಾಕಿದರೂ ಪ್ರಬಂಧ ಅಲುಗಾಡದೆ ನಿಲ್ಲುವಂತಿತ್ತು.

'ಬಿ' ಡಿವಿಜನ್‌ಗೆ ಚೌಕಟ್ಟು ಕೊಡಲಿಲ್ಲ. ಪ್ರತಿ ಪ್ಯಾರಾದ ಎಡ ಅಂಚಿನಲ್ಲಿ ಅದು ಏನು ಹೇಳುತ್ತದೆ ಎಂದೂ ಬಲ ಅಂಚಿನಲ್ಲಿ ಅದು ಯಾವ ಕೆಲಸ ಮಾಡುತ್ತದೆ ಎಂದೂ ಬರೆಯಬೇಕಿತ್ತು: ವಿವರಿಸುತ್ತದೆಯೋ, ಕಾರಣ ಕೊಡುತ್ತದೆಯೋ, ಹೋಲಿಸುತ್ತದೆಯೋ, ಬರಿಯ ಊಹೆ ಮಾಡುತ್ತದೆಯೋ. ಮೊದಲ ಎರಡು ಪೀರಿಯಡ್ ಎರಡೂ ಅಂಚುಗಳಲ್ಲಿ ಒಂದೇ ಮಾತು ಬಂತು, ನನಗೂ ಬೇಸರವಾಯಿತು. ಗಂಟು ಬಿಚ್ಚಿಕೊಂಡದ್ದು ನಾಲ್ಕನೆಯ ಪ್ಯಾರಾದಲ್ಲಿ. ಈ ವಿದ್ಯೆ ಇರಾನಿನ ಕನಾತ್ ಎಂಬ ನೆಲದಡಿಯ ಕಾಲುವೆಗಳಿಂದ ಪ್ರೇರಣೆ ಪಡೆದಿರಬಹುದು ಎಂದು ನಾನು ಬರೆದಿದ್ದೆ. ಒಬ್ಬ ಹುಡುಗ ಇರಾನಿನಿಂದ ಬಂತು ಎಂದು ಎಡ ಅಂಚಿನಲ್ಲಿ ಗೀಚಿದಾಗ, ಪಕ್ಕದವನು "ಪಡೆದಿರಬಹುದು ಅಂತ ಇರುವುದಲ್ಲವಾ ಟೀಚರ್, ಬಂತು ಅಂತ ಎಲ್ಲಿದೆ?" ಎಂದು ಕೇಳಿದ. ಮನೆಯಲ್ಲಿ ತುಳುವೋ ಮಲಯಾಳವೋ ಆಡುವ ಮಕ್ಕಳಿಗೆ 'ಬಹುದು', 'ಎನ್ನುತ್ತಾರೆ', 'ಆದರೂ' ಎಂಬ ಪದಗಳ ತೂಕವನ್ನು ವ್ಯಾಕರಣದ ಪಾಠದಲ್ಲಿ ಅಷ್ಟು ಚೆನ್ನಾಗಿ ತಿಳಿಸಲು ನನ್ನಿಂದ ಎಂದೂ ಆಗಿರಲಿಲ್ಲ.

ಬರವಣಿಗೆಯಲ್ಲಿಯೂ ಇದರ ಫಲ ಕಂಡಿತು. ಅಜ್ಜ ಸುರಂಗ ತೋಡುತ್ತಿದ್ದ ಮನೆಯ ಹುಡುಗಿಯೊಬ್ಬಳು, ಒಳಗೆ ಮೊಂಬತ್ತಿ ಒಯ್ಯುವುದು ಬೆಳಕಿಗಾಗಿ ಮಾತ್ರವಲ್ಲ, ಅದು ನಂದಿದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಹಿಂದೆ ಬರುವುದಕ್ಕಾಗಿ ಎಂದು ವಿವರಿಸಿದಳು. 'ಎ' ಡಿವಿಜನ್‌ನಲ್ಲಿಯೂ ಅಂಥ ಮನೆಗಳ ಮಕ್ಕಳಿದ್ದರು. ಆದರೆ ತಮಗೆ ಗೊತ್ತಿದ್ದುದನ್ನು ಚೌಕಟ್ಟಿನ ಯಾವ ಮನೆಯಲ್ಲಿ ತುಂಬಬೇಕೆಂದು ಅವರಿಗೆ ತಿಳಿಯಲಿಲ್ಲ.

ಪರಿಚಯವಿಲ್ಲದ ಇನ್ನೊಂದು ಲೇಖನದಲ್ಲಿಯೂ ಪರೀಕ್ಷಿಸಿದೆ. ಅದು ಜಿಲ್ಲೆಯ ಗೇರುತೋಟಗಳಲ್ಲಿ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕುರಿತದ್ದು. 'ಎ'ಯವರು ಇಸವಿಗಳನ್ನು ಸರಿಯಾಗಿ ಸಾಲಾಗಿಸಿದರು. 'ಬಿ'ಯಲ್ಲಿ ನಾಲ್ಕೈದು ಮಂದಿ, ಇಲ್ಲಿ ಸಿಂಪಡಣೆ 2000ದಲ್ಲಿ ನಿಂತಿದ್ದರೂ ಸುಪ್ರೀಂ ಕೋರ್ಟಿನ ದೇಶವ್ಯಾಪಿ ತಡೆ 2011ರಲ್ಲಿ ಬಂದದ್ದೇಕೆ ಎಂದು ಕೇಳಿದರು. ನನ್ನ ಲೇಖನದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನಷ್ಟವನ್ನೂ ಹೇಳಬೇಕು. ಅಂಚಿನ ಕ್ರಮಕ್ಕೆ ಎರಡರಷ್ಟು ಪೀರಿಯಡ್ ಬೇಕಾದವು, ಪರೀಕ್ಷೆಯಲ್ಲಿ 'ಬಿ'ಯ ಕೆಲವರಿಗೆ ಸಮಯ ಸಾಲಲಿಲ್ಲ, ಓದಲು ತಡವರಿಸುವವರಿಗೆ ಬಲ ಅಂಚು ಕೊನೆಯವರೆಗೂ ಒಗಟಾಗಿಯೇ ಉಳಿಯಿತು. (ಗುಂಪು ಚರ್ಚೆ ಮಾಡಿಸಿ ಚಾರ್ಟ್ ಬರೆಸುವುದನ್ನೂ ಒಂದು ವಾರ ನೋಡಿದೆ, ಇಬ್ಬರು ಮಾತಾಡಿದರು, ಉಳಿದವರು ಬಣ್ಣ ತುಂಬಿದರು.) ಆದರೂ ನನ್ನ ಆಯ್ಕೆ ಅಂಚಿನ ಕ್ರಮವೇ. ಈ ವರ್ಷ ಬಲ ಅಂಚಿನ ಪದಗಳನ್ನೇ ಮೇಲಿನಿಂದ ಕೆಳಕ್ಕೆ ಓದಿಸಿ, ಚೌಕಟ್ಟನ್ನು ಮಕ್ಕಳೇ ಲೇಖನದಿಂದ ಹೊರತೆಗೆಯುವಂತೆ ಮಾಡುತ್ತಿದ್ದೇನೆ. ಉಪಸಂಹಾರಕ್ಕೆ ಮಾತ್ರ ಯಾವ ಕ್ರಮದಲ್ಲಿಯೂ ಮದ್ದು ಸಿಕ್ಕಿಲ್ಲ: ಮೊಂಬತ್ತಿಯ ಬಗ್ಗೆ ಬರೆದ ಹುಡುಗಿಯೂ ಕೊನೆಯ ಸಾಲಿನಲ್ಲಿ "ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ" ಎಂದೇ ಬರೆದಿದ್ದಳು.