ಮಣಿಕಟ್ಟಿನ ‘ಧೈರ್ಯ’: 12 ವರ್ಷ ಮೈಮೇಲಿರುವ ಹಚ್ಚೆಗಳ ವಿಮರ್ಶೆ

ನನ್ನ ಮೈಮೇಲೆ ಮೂರು ಹಚ್ಚೆಗಳಿವೆ. ಎಡ ಮಣಿಕಟ್ಟಿನ ಒಳಬದಿಯಲ್ಲಿ ‘ಧೈರ್ಯ’ ಎಂಬ ಪದ, ಬೆನ್ನಿನ ಮೇಲ್ಭಾಗದಲ್ಲಿ ಒಂದು ಎಲೆಗೊಂಚಲು, ಬೆರಳಿನ ಪಕ್ಕದಲ್ಲಿ ಪುಟ್ಟ ಅರ್ಧಚಂದ್ರ. ಮೊದಲೆರಡಕ್ಕೆ 12 ವರ್ಷ, ಚಂದ್ರನಿಗೆ 7. ಹಾಕಿಸಿಕೊಂಡ ವಾರದಲ್ಲೇ ನಾನೂ ಖುಷಿಯಿಂದ ಐದಕ್ಕೆ ಐದು ಕೊಟ್ಟು ಬರೆದಿದ್ದೆ. ಆದರೆ ಹಚ್ಚೆ ಹೇಗಿದೆಯೆಂದು ತಿಳಿಯಲು ಒಂದು ವಾರ ಏನೇನೂ ಸಾಲದು.

‘ಧೈರ್ಯ’ದ ಅಕ್ಷರಗಳ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆ. ಕೂದಲೆಳೆಯಂಥ ಗೆರೆಯೇ ಬೇಕೆಂದು ಹಟ ಹಿಡಿದವಳು ನಾನು. ಮೂರು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಗೆರೆಗಳು ದಪ್ಪವಾಗುತ್ತ ಬಂದವು. ದಿನಾ ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಬೇಕು. ಮೊದಲು ಅರ್ಕಾವತ್ತಿನ ಸುರುಳಿ ತುಂಬಿಕೊಂಡು ಬರೀ ಚುಕ್ಕೆಯಾಯಿತು. ಹತ್ತನೇ ವರ್ಷದ ಹೊತ್ತಿಗೆ ‘ಧ’ದ ಹೊಟ್ಟೆ ಸೀಳುವ ಪುಟ್ಟ ಗೀಟು ತಳದ ಗೆರೆಯಲ್ಲಿ ಕರಗಿಹೋಯಿತು. ಈಗ ಓದಿದವರಿಗೆ ಅದು ‘ದೈರ್ಯ’. ಬಹಳ ಕಷ್ಟದ ಒಂದು ವರ್ಷ ದಾಟಿದ ಮೇಲೆ ಬರೆಸಿಕೊಂಡ ಪದವದು. ಅದರ ಮಹಾಪ್ರಾಣ ಹೋದದ್ದು ಕಂಡ ದಿನ ನನಗೆ ತುಂಬಾ ಸಂಕಟವಾಯಿತು.

ಹೀಗೇಕಾಗುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಚರ್ಮದ ಹೊರಪದರ ಕೆಲವೇ ವಾರಗಳಲ್ಲಿ ಉದುರಿ ಹೊಸದಾಗುತ್ತಿರುತ್ತದೆ. ಬಣ್ಣ ಕೂರುವುದು ಅದರ ಕೆಳಗಿನ ಒಳಚರ್ಮದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಆ ಕೋಶ ಸತ್ತಾಗ ಹೊರಬಿದ್ದ ಬಣ್ಣವನ್ನು ಹೊಸದಾಗಿ ಬಂದ ಕೋಶ ಅಲ್ಲೇ ನುಂಗಿಕೊಳ್ಳುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ತೋರಿಸಿದರು. ನಿಶ್ಚಲ ಎಂದುಕೊಂಡಿದ್ದ ಚಿತ್ರ ಚರ್ಮದೊಳಗೆ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತಲೇ ಉಳಿದಿದೆ ಎಂಬುದು ನನಗೆ ಈಗಲೂ ಬೆರಗು. ಈ ದಾಟುವಿಕೆಯಲ್ಲಿ ಕಣಗಳು ಅಷ್ಟಿಷ್ಟು ಆಚೀಚೆ ಸರಿಯುತ್ತವೆ, ಒಂದಷ್ಟು ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿ ಸೇರುತ್ತವೆ. ಅಂಚು ಮಸುಕಾಗದೆ ಇನ್ನೇನಾದೀತು?

ಬೆನ್ನಿನ ಎಲೆಗೊಂಚಲಿನದು ಬೇರೆಯೇ ಕಥೆ. ಅಂಗೈಯಗಲದ ಚಿತ್ರ, ದಪ್ಪ ಗೆರೆ, ಎಲೆಯಿಂದ ಎಲೆಗೆ ಧಾರಾಳ ಜಾಗ. ಅಲ್ಲೂ ಗೆರೆ ಹರಡಿದೆ, ಆದರೆ ಹರಡಲು ಜಾಗವಿತ್ತು. ಕಪ್ಪು ಕೊಂಚ ನೀಲಿಗೆ ತಿರುಗಿದ್ದು ಬಿಟ್ಟರೆ ದೂರದಿಂದಲೂ ಎಲೆ ಎಲೆಯಾಗಿಯೇ ಕಾಣುತ್ತದೆ. ಯಾವಾಗಲೂ ಬಟ್ಟೆಯ ಮರೆಯಲ್ಲಿರುವುದೂ ಕಾರಣ. ಮಣಿಕಟ್ಟಿಗೆ ದಿನವೂ ಬಿಸಿಲು ತಾಗುತ್ತಿತ್ತು. ಮೊದಲ ಆರು ವರ್ಷ ನಾನು ಸನ್‌ಸ್ಕ್ರೀನ್ ಹಚ್ಚಲೇ ಇಲ್ಲ. ಗಾಯ ಪೂರ್ತಿ ಮಾಯುವವರೆಗೆ ಬಟ್ಟೆಯಿಂದ ಮುಚ್ಚಿಕೊಳ್ಳಿ, ಮಾಯ್ದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ತಪ್ಪದೆ ಹಚ್ಚಿ.

ಬೆರಳಿನ ಚಂದ್ರ ಎರಡೇ ವರ್ಷಕ್ಕೆ ಅರ್ಧ ಅಳಿಸಿತು. ಬೆರಳ ಪಕ್ಕದಲ್ಲಿ ಹಾಕಿಸಲೇಬೇಡಿ.

ಆರನೇ ವರ್ಷ ಮಣಿಕಟ್ಟಿನದಕ್ಕೆ ಟಚ್‌ಅಪ್ ಮಾಡಿಸಿದ್ದು ನನ್ನ ದೊಡ್ಡ ತಪ್ಪು. ಕಪ್ಪು ಕಳೆಗಟ್ಟಿತು ನಿಜ, ಜೊತೆಗೆ ಗೆರೆಗಳು ಇನ್ನಷ್ಟು ಉಬ್ಬಿ, ಉಳಿದಿದ್ದ ಚೂರುಪಾರು ಬಿಳಿ ಜಾಗವೂ ಕಿರಿದಾಯಿತು. ಸೂಜಿ ಬಣ್ಣ ಸೇರಿಸಬಲ್ಲದು, ಖಾಲಿ ಜಾಗವನ್ನು ತಂದುಕೊಡಲಾರದು. ಅದಕ್ಕಿರುವುದು ಲೇಸರ್. ಅದು ಬಣ್ಣದ ಕಣಗಳನ್ನು ಪುಡಿಮಾಡುತ್ತದೆ, ದೇಹ ಆ ಪುಡಿಯನ್ನು ನಿಧಾನವಾಗಿ ಸಾಗಿಸುತ್ತದೆ. ಆದ್ದರಿಂದ ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಮಾಡಿಸಬೇಕು. ಕಪ್ಪಾದರೆ ಬೇರೆ ಬಣ್ಣಗಳಿಗಿಂತ ಸುಲಭವಾಗಿ ಬಿಡುತ್ತದೆ.

ಹೊಸದಾಗಿ ಹಾಕಿಸುವವರು ಕಲಾವಿದರ ಬಳಿ ನಿನ್ನೆ ಮೊನ್ನೆಯ ಫೋಟೊಗಳನ್ನಲ್ಲ, ಐದಾರು ವರ್ಷ ಹಳೆಯ ಕೆಲಸವನ್ನು ತೋರಿಸಲು ಕೇಳಿ. ಕನ್ನಡ ಅಕ್ಷರವಾದರೆ ಒತ್ತು, ಸುರುಳಿ, ಸೀಳುಗಳ ಒಳಗಿನ ಜಾಗ ಈಗಲೇ ಅತಿಯಾಯಿತು ಎನ್ನಿಸುವಷ್ಟು ಇರಲಿ. ಮಚ್ಚೆಯ ಮೇಲೆ ಮಾತ್ರ ಹಾಕಿಸಬೇಡಿ. ಮುಂದೆ ಅದರಲ್ಲಿ ಬದಲಾವಣೆಯಾದರೆ ವೈದ್ಯರಿಗೂ ಕಾಣದೆ ಹೋದೀತು.

ನನ್ನ ಅಂಕ: ಬೆನ್ನಿಗೆ ಐದಕ್ಕೆ ಐದು, ಮಣಿಕಟ್ಟಿಗೆ ಎರಡು, ಬೆರಳಿಗೆ ಒಂದು. ಮಣಿಕಟ್ಟಿಗೆ ಎರಡು ಸಲ ಲೇಸರ್ ಆಗಿದೆ, ಪದ ಬೂದುಬಣ್ಣಕ್ಕೆ ಇಳಿದಿದೆ. ಇನ್ನಷ್ಟು ತಿಳಿಯಾದ ಮೇಲೆ ಅದೇ ಜಾಗದಲ್ಲಿ, ಎರಡರಷ್ಟು ದೊಡ್ಡದಾಗಿ, ಹೊಟ್ಟೆ ಚೆನ್ನಾಗಿ ಸೀಳಿದ ‘ಧ’ ಬರೆಸುತ್ತೇನೆ.